ಊಟಕ್ಕೂ ಚಹಾಕ್ಕೂ ನಡುವಿನ ಒಂದು ತಾಸು

ಲಂಡನ್ನಿನ ನನ್ನ ಕಿರಾಣಿ ಅಂಗಡಿಯ ಬಾಗಿಲನ್ನು ಗಿರಾಕಿ ತಳ್ಳುವ ರೀತಿ ನೋಡಿಯೇ ಅವರ ಚೀಲ ಎಷ್ಟು ತುಂಬೀತು ಎಂದು ಹೇಳಬಲ್ಲೆ ಅನ್ನುವ ಸೊಕ್ಕು ನನಗೆ ಇಪ್ಪತ್ತು ವರ್ಷಗಳಿಂದ ಇದೆ. ನೀಲವ್ವನವರ ವಿಷಯದಲ್ಲಿ ಆ ಅಂದಾಜು ಮೊದಲ ದಿನವೇ ತಪ್ಪಿತು. ಎತ್ತರ ಐದಡಿಗೆ ಎರಡಂಗುಲ ಕಡಿಮೆ. ಮೈಮೇಲೆ ಮೊಣಕಾಲು ದಾಟುವ ಹಳದಿ ಮಿಂಚಿನ ಕೋಟು. ತಲೆಗೆ ಕೌನ್ಸಿಲ್ ಕೊಟ್ಟ ಟೋಪಿ, ಅದರ ಅಂಚಿನ ಕೆಳಗೆ ಮೂರು ಬೆರಳಿನ ವಿಭೂತಿ. ಕೈಯಲ್ಲಿ ತಮಗಿಂತ ಉದ್ದದ ಕೋಲು, ಅದರ ತುದಿಗೆ ಊಟದ ತಟ್ಟೆಗಿಂತ ಅಗಲವಾದ ದುಂಡು ಫಲಕ. ಕೋಲನ್ನು ಅಕ್ಕಿ ಚೀಲಗಳಿಗೆ ಒರಗಿಸಿ, ಜೋಳದ ಹಿಟ್ಟಿನ ಪೊಟ್ಟಣವನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಹಿಟ್ಟು ಹಳತಾಗಿದ್ದರೆ ಸದ್ದು ಬೇರೆ ಬರುತ್ತದಂತೆ. ಹಾಗೆಲ್ಲ ಏನೂ ಇಲ್ಲ ಎಂದು ಅವರೇ ಆಮೇಲೆ ಒಪ್ಪಿಕೊಂಡರು. ಅಂಗಡಿಯವನನ್ನು ಹೆದರಿಸುವುದಕ್ಕೆ ಅಷ್ಟು ಸಾಕಿತ್ತು.

ಒಂದು ಪೊಟ್ಟಣ ಹಿಟ್ಟು, ಎರಡು ನಿಮಿಷ ಚೌಕಾಸಿ, ಅಷ್ಟೇ ಎಂದು ನಾನು ಲೆಕ್ಕ ಹಾಕಿದೆ. ಅವರು ಒಂದೂವರೆ ಕಿಲೋ ಚಹಾಪುಡಿ ಕೇಳಿದರು. ಮುಂದಿನ ತಿಂಗಳೂ ಅಷ್ಟೇ, ಅದರ ಮುಂದಿನ ತಿಂಗಳೂ ಅಷ್ಟೇ. ಮನೆಯಲ್ಲಿ ಇರುವವರು ಗಂಡ ಹೆಂಡತಿ ಇಬ್ಬರೇ ಎಂದು ಗೊತ್ತಾದಾಗ, ಪಿನ್ನರ್‌ನಲ್ಲಿ ಎಲ್ಲೋ ಗುಟ್ಟಾಗಿ ಚಹಾದಂಗಡಿ ನಡೆಸುತ್ತಿದ್ದಾರೆ ಎಂದೇ ನಂಬಿದೆ.

ಒಂದು ಅರ್ಥದಲ್ಲಿ ನಡೆಸುತ್ತಲೇ ಇದ್ದರು. ಪಿನ್ನರ್‌ನ ಒಂದು ಪ್ರೈಮರಿ ಶಾಲೆಯ ಎದುರು, ಬೆಳಿಗ್ಗೆ ಮುಕ್ಕಾಲು ಗಂಟೆ, ಮಧ್ಯಾಹ್ನ ಮುಕ್ಕಾಲು ಗಂಟೆ, ವಾಹನ ನಿಲ್ಲಿಸಿ ಮಕ್ಕಳನ್ನು ರಸ್ತೆ ದಾಟಿಸುವುದು ನೀಲವ್ವನವರ ಕೆಲಸ. ಗೋಡೆಯ ಪಕ್ಕದಲ್ಲಿ ಎರಡು ಲೀಟರಿನ ಫ್ಲಾಸ್ಕು. ಅಂಚೆಯವನಿಗೆ ಒಂದು ಲೋಟ, ಕಸದ ಲಾರಿಯವರಿಗೆ ಮೂರು, ಮಕ್ಕಳನ್ನು ಬಿಟ್ಟು ಟ್ಯೂಬ್ ರೈಲು ಹಿಡಿಯಲು ಓಡುವ ಅಪ್ಪಂದಿರಿಗೆ ಅರ್ಧರ್ಧ. ಒಮ್ಮೆ ಸ್ಟ್ಯಾನ್ಮೋರ್ ಕಡೆಯ ಒಂದು ದೊಡ್ಡ ಕಾರು ಇವರ ಫಲಕದ ಮುಂದೆ ಹಾರ್ನ್ ಹೊಡೆಯಿತಂತೆ. ನೀಲವ್ವನವರು ಫಲಕ ಇಳಿಸದೆ, ಕೊನೆಯ ಮಗುವಿನ ಶೂ ಲೇಸನ್ನು ರಸ್ತೆಯ ನಡುವೆಯೇ ಸಾವಕಾಶ ಕಟ್ಟಿದರು. ಆ ಕಾರಿನವರು ಈಗ ಕಿಟಕಿ ಇಳಿಸಿ ಚಹಾ ಕೇಳುತ್ತಾರೆ.

ಆ ಚಹಾ ಕುದಿಸುವವರು ಅವರ ಯಜಮಾನರು, ಕಲ್ಲಯ್ಯನವರು. ಗದಗಿನವರು. ವೆಂಬ್ಲಿಯ ಒಂದು ಶಾಕಾಹಾರಿ ಹೋಟೆಲಿಗೆ ಅಡಿಗೆಯವರಾಗಿ ಬಂದು, ಆಮೇಲೆ ಬಸ್ಸಿನ ಸ್ಟಿಯರಿಂಗ್ ಹಿಡಿದು, ಈಗ ನಿವೃತ್ತರು. ಮಾತು ಕಡಿಮೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಹೆಂಡತಿಗೆ ಪ್ರೀತಿಯಿಂದ ಆಡಿದ ಮಾತು ನೆನಪಿಲ್ಲವಂತೆ. ಆದರೆ ರೊಟ್ಟಿಯ ಕೊನೆಯ ತುತ್ತು ಬಾಯಲ್ಲಿರುವಾಗಲೇ ಇಟ್ಟಿಗೆ ಬಣ್ಣದ, ಶುಂಠಿ ಜಜ್ಜಿ ಹಾಕಿದ, ಹೊಗೆಯಾಡುವ ಚಹಾ ತಂದು ತಟ್ಟೆಯ ಪಕ್ಕ ಇಡುವುದನ್ನು ಒಂದು ದಿನವೂ ತಪ್ಪಿಸಿದವರಲ್ಲ. ನಾಷ್ಟಾ ಆದ ಕೂಡಲೇ ಒಂದು, ಮಧ್ಯಾಹ್ನದ ಊಟಕ್ಕೆ ಒಂದು, ರಾತ್ರಿಯ ಊಟಕ್ಕೆ ಒಂದು. ನಡುವೆ ಬಂದು ಹೋಗುವವುಗಳಿಗೆ ಲೆಕ್ಕವಿಲ್ಲ.

ಹೋದ ವರ್ಷದ ಏಪ್ರಿಲ್‌ನಲ್ಲಿ ಅವರ ಮಗಳು ಪ್ರತೀಕ್ಷಾಗೆ ಹೆರಿಗೆಯಾಯಿತು. ಮಗು ಸುಖವಾಗಿ ಬಂದಳು. ತಾಯಿಗೆ ಮಾತ್ರ ರಕ್ತಸ್ರಾವ ನಿಲ್ಲಲಿಲ್ಲ. ನೀಲವ್ವನವರು ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು, ಒಳಗೆ ಹೋದ ರಕ್ತದ ಚೀಲಗಳನ್ನು ಎಣಿಸಿದರು. ನಾಲ್ಕು. ಮಗಳು ಉಳಿದಳು. ಮೊಮ್ಮಗಳಿಗೆ ಜಾಹ್ನವಿ ಎಂದು ಹೆಸರಿಟ್ಟರು. ಅಂಗಡಿಗೆ ಪೇಡೆ ತಂದ ದಿನ ಅವರು ನನಗೆ ಕೇಳಿದ್ದು ಒಂದೇ ಪ್ರಶ್ನೆ, ಆ ನಾಲ್ಕು ಚೀಲ ಯಾರದಿರಬಹುದು ಎಂದು. ಅದನ್ನು ಯಾರೂ ಹೇಳುವುದಿಲ್ಲ, ಕೊಟ್ಟವರಿಗೂ ತಿಳಿಸುವುದಿಲ್ಲ ಎಂದೆ.

“ಮಂದಿ ಮನಿ ಡಬ್ಬಿ ಖಾಲಿ ಕಳಸಬಾರದ್ರಿ ಸಾವ್ಕಾರ್ರ,” ಎಂದರು. “ನಾಕು ಡಬ್ಬಿ ಬಂದಾವ. ಒಂದಾದ್ರೂ ತುಂಬಿ ಕಳಸಬೇಕು.”

ನಮ್ಮ ಕಡೆ ಪಕ್ಕದ ಮನೆಯವರು ಪಾಯಸ ಕೊಟ್ಟ ಡಬ್ಬಿಯನ್ನು ತೊಳೆದು ಹಾಗೇ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕುತ್ತೇವೆ. ನೀಲವ್ವನವರು ಅದನ್ನು ರಕ್ತಕ್ಕೂ ಅನ್ವಯಿಸಿದರು. ನಾನು ನಕ್ಕೆ. ಅವರು ನಗಲಿಲ್ಲ.

ತೊಡಕು ಇದ್ದದ್ದು ವಯಸ್ಸಿನಲ್ಲಿ. ಇಲ್ಲಿ ಮೊದಲ ಸಲ ರಕ್ತ ಕೊಡುವವರು ಅರವತ್ತಾರು ತುಂಬುವ ಮುಂಚೆ ಕೊಡಬೇಕು. ಒಮ್ಮೆ ಕೊಟ್ಟವರಿಗೆ ಆಮೇಲೂ ಬಾಗಿಲು ತೆರೆದಿರುತ್ತದೆ, ಹೊಸಬರಿಗೆ ಮುಚ್ಚುತ್ತದೆ. ನೀಲವ್ವನವರು ಹುಟ್ಟಿದ್ದು ಎಳ್ಳಮಾಸೆಯ ದಿನ, ಚಳಿಗಾಲದಲ್ಲಿ, ಹೊಲಕ್ಕೆ ಚರಗದ ಎಡೆ ಚೆಲ್ಲಲು ಹೋದಾಗ ತಾಯಿಗೆ ನೋವು ಬಂದು. ಆದರೆ ಶಾಲೆಗೆ ಸೇರಿಸಿಕೊಂಡ ಮಾಸ್ತರರು, ಆ ಕಾಲದ ಅರ್ಧ ಕರ್ನಾಟಕಕ್ಕೆ ಬರೆದಂತೆ ಇವರಿಗೂ ಜೂನ್ ಒಂದು ಎಂದು ಬರೆದುಬಿಟ್ಟರು. ಅದೂ ನಿಜವಾಗಿ ಹುಟ್ಟುವುದಕ್ಕೆ ಏಳು ತಿಂಗಳು ಹಿಂದಿನ ಜೂನ್. ಅದೇ ಪಾಸ್‌ಪೋರ್ಟಿಗೆ ಬಂತು. ಇಂಗ್ಲೆಂಡಿನ ಕಂಪ್ಯೂಟರಿಗೆ ಎಳ್ಳಮಾಸೆ ಗೊತ್ತಿಲ್ಲ. ಮರುವರ್ಷದ ಜೂನ್ ಒಂದಕ್ಕೆ ಬಾಗಿಲು ಬಂದ್.

ಮಗಳು ಉಳಿದದ್ದಕ್ಕೆ ಹರಕೆ ತೀರಿಸಲು ಊರಿಗೆ ಹೋಗಿ ಬಂದಿದ್ದರಿಂದ ನಾಲ್ಕು ತಿಂಗಳು ಕಾಯಿರಿ ಎಂದರು ರಕ್ತದಾನದವರು, ಮಲೇರಿಯಾದ ಭಯಕ್ಕೆ. ಕಾದರು. ನವೆಂಬರ್‌ನಲ್ಲಿ ಹ್ಯಾರೋದ ಒಂದು ಚರ್ಚ್ ಹಾಲ್‌ನಲ್ಲಿ ರಕ್ತದಾನದ ಕ್ಯಾಂಪು. ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ನೀಲಿ ದ್ರವದ ಸಣ್ಣ ಗಾಜಿನ ನಳಿಗೆಯಲ್ಲಿ ಬಿಡುತ್ತಾರೆ. ರಕ್ತದಲ್ಲಿ ಕಬ್ಬಿಣದ ಕಸುವಿದ್ದರೆ ಹನಿ ಮುಳುಗುತ್ತದೆ. ನೀಲವ್ವನವರ ಹನಿ ಮುಳುಗಲು ಮನಸ್ಸಿಲ್ಲದ ಎಮ್ಮೆಯ ಹಾಗೆ ಮೇಲೆಯೇ ನಿಂತಿತು. ಮತ್ತೆ ಅಳೆದರು. ಸ್ವಲ್ಪವೇ ಕಡಿಮೆ. ಮೂರು ತಿಂಗಳು ಬಿಟ್ಟು ಬನ್ನಿ ಎಂದು ಕಳಿಸಿದರು.

ಜಿಪಿ, ಅಂದರೆ ಇಲ್ಲಿನ ಬಡಾವಣೆಯ ಡಾಕ್ಟರು, ಎಲ್ಲ ಪರೀಕ್ಷೆ ಮಾಡಿಸಿದರು. ರೋಗವೇನೂ ಇಲ್ಲ, ರಕ್ತಹೀನತೆಯೂ ಅಲ್ಲ. ಮನೆಗೆ ಸಾಕಾಗುವಷ್ಟು ಇದೆ, ದಾನಕ್ಕೆ ಎತ್ತಿಡುವಷ್ಟು ಇಲ್ಲ. ಅಂಗಡಿಯ ಭಾಷೆಯಲ್ಲಿ ಹೇಳಿದರೆ, ಸರಕು ಇದೆ, ಸ್ಟಾಕ್ ಇಲ್ಲ. ಊಟದ ಜೊತೆ ಚಹಾ ಕುಡಿಯಬೇಡಿ, ತಿಂದ ಕಬ್ಬಿಣ ಮೈಗೆ ಹತ್ತುವುದಿಲ್ಲ ಎಂದು ಅಲ್ಲಿನ ನರ್ಸು ಹೇಳಿ ಕಳಿಸಿದಳು.

ಈ ಸುದ್ದಿ ಹೊತ್ತು ನೀಲವ್ವನವರು ನನ್ನ ಅಂಗಡಿಗೆ ಬಂದಾಗ ಅವರ ಮುಖ ನೋಡುವಂತಿರಲಿಲ್ಲ. ಚಹಾ ಬಿಡುವುದು ಅವರಿಗೆ ಕಷ್ಟವಲ್ಲ. ಗಂಡ ತಂದಿಟ್ಟದ್ದನ್ನು ಒಲ್ಲೆ ಎನ್ನುವುದು ಹೇಗೆ? ಆ ಮನುಷ್ಯ ದಿನಕ್ಕೆ ಮೂರು ಸಲ ಆಡುವ ಮಾತು ಅದೊಂದೇ.

ಇಲ್ಲಿ ನನ್ನ ಒಂದು ಅಭ್ಯಾಸ ಹೇಳಬೇಕು. ಕಾಫಿ ಒಳ್ಳೆಯದು ಎಂದು ಪತ್ರಿಕೆಯಲ್ಲಿ ಬಂದರೆ ಅದನ್ನು ಕತ್ತರಿಸಿ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಅಂಟಿಸುತ್ತೇನೆ. ಕೆಟ್ಟದು ಎಂದು ಬಂದರೆ ಆ ಪುಟದಲ್ಲಿ ಹುಣಸೆಹಣ್ಣು ಕಟ್ಟುತ್ತೇನೆ. ಹೀಗಾಗಿ ನನ್ನ ಗೋಡೆ ಓದಿದವರಿಗೆ ಕಾಫಿ ಅಮೃತ. ದಿನಕ್ಕೆ ಮೂರು ನಾಲ್ಕು ಕಪ್ ಕುಡಿಯುವವರಲ್ಲಿ ಲಿವರ್ ಕಾಯಿಲೆ ಕಡಿಮೆ, ಸಕ್ಕರೆ ಕಾಯಿಲೆ ಕಡಿಮೆ. ಎಲ್ಲವೂ ಅಚ್ಚಾಗಿದೆ, ಪ್ರೊಫೆಸರರ ಫೋಟೋ ಸಮೇತ. ನಾನು ಚಿಕ್ಕಪೇಟೆಯ ಕಾಫಿಪುಡಿ ವ್ಯಾಪಾರಿಯ ಮಗ. ಅಷ್ಟು ವರ್ಷದಿಂದ ಒಬ್ಬ ಗದಗಿನ ಹೆಂಗಸು ನನ್ನ ಅಂಗಡಿಯಿಂದ ಬರೀ ಚಹಾ ಒಯ್ಯುವುದನ್ನು ನೋಡುತ್ತ ಬಂದವನು. ಅವಕಾಶ ತಾನಾಗಿ ಕಾಲು ಮುರಿದುಕೊಂಡು ಎದುರಿಗೆ ಬಿದ್ದಿತ್ತು.

ನರ್ಸು ಬೇಡವೆಂದದ್ದು ಚಹಾ, ಕಾಫಿಯ ಸುದ್ದಿ ಎತ್ತಲಿಲ್ಲವಲ್ಲ ಎಂದೆ. ಗೋಡೆ ತೋರಿಸಿದೆ. ಹಿತ್ತಾಳೆಯ ಫಿಲ್ಟರು, ಅರ್ಧ ಕಿಲೋ ಪುಡಿ, ಡಿಕಾಕ್ಷನ್ ಇಳಿಸುವ ಕ್ರಮ ಎಲ್ಲ ಕೊಟ್ಟು ಕಳಿಸಿದೆ. ಕಲ್ಲಯ್ಯನವರು ಆ ಇಳಿವಯಸ್ಸಿನಲ್ಲಿ ಹೊಸ ವಿದ್ಯೆ ಕಲಿತರು. ವಾರದೊಳಗೆ ರೊಟ್ಟಿಯ ಕೊನೆಯ ತುತ್ತಿಗೆ ಸರಿಯಾಗಿ ನೊರೆ ಕಾಫಿ ಬಂದು ಕೂರತೊಡಗಿತು. ಅವರ ಮನೆಯಲ್ಲಿ ಮಾತು ನಿಲ್ಲಲಿಲ್ಲ, ಭಾಷೆ ಮಾತ್ರ ಬದಲಾಯಿತು. ಜನವರಿಯಲ್ಲಿ ತಮ್ಮನ ಮಗ ಶಿವಪ್ರಕಾಶನ ಮದುವೆಗೂ ನೀಲವ್ವನವರು ಗದಗಿಗೆ ಹೋಗಲಿಲ್ಲ. ಹೋದರೆ ಮತ್ತೆ ನಾಲ್ಕು ತಿಂಗಳು ಕಾಯಬೇಕಲ್ಲ. ವೀಡಿಯೋದಲ್ಲಿ ಅಕ್ಷತೆ ಹಾಕಿದರು, ಕೈಯಲ್ಲಿ ನನ್ನ ಕಾಫಿ ಹಿಡಿದುಕೊಂಡು. ಆ ಫೋಟೋ ನನಗೂ ಕಳಿಸಿದ್ದರು.

ಫೆಬ್ರವರಿಯ ನಡುವಿನಲ್ಲಿ ಎರಡನೆಯ ಕ್ಯಾಂಪು. ಹನಿ ಮತ್ತೆ ತೇಲಿತು. ಇನ್ನು ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಅಂದರೆ ಮೇ. ಜೂನ್ ಒಂದಕ್ಕೆ ಮುಂಚೆ ಸಿಗುವುದು ಒಂದೇ ಒಂದು ಸಲ.

ಆ ಶನಿವಾರ ಅಂಗಡಿಗೆ ಕ್ರಿಸ್ಟೀನ್ ಬಂದಿದ್ದರು. ಶಿರ್ವದವರು, ಸಟನ್‌ನ ಕಡೆ ಆಸ್ಪತ್ರೆಯಲ್ಲಿ ಆಹಾರತಜ್ಞೆ. ಕುಚ್ಚಲಕ್ಕಿಗಾಗಿ ತಿಂಗಳಿಗೊಮ್ಮೆ ಇಡೀ ಲಂಡನ್ ದಾಟಿ ಬರುತ್ತಾರೆ, ಬಂದಾಗಲೆಲ್ಲ ನನ್ನ ಬೆಲೆಗೆ ಒಂದು ನಿಟ್ಟುಸಿರು ಬಿಡುತ್ತಾರೆ. ಚಹಾ ಬಿಟ್ಟರೂ ಹನಿ ಮುಳುಗದ ಸಂಗತಿಯನ್ನು ಅಕ್ಕಿ ತೂಗುತ್ತ ಹೇಳಿದೆ. ಚಹಾ ಬಿಟ್ಟು ಏನು ಕುಡಿಯುತ್ತಾರೆ ಎಂದು ಕೇಳಿದರು. ಹೆಮ್ಮೆಯಿಂದ ಹೇಳಿದೆ.

“ಕಾಫಿಯೂ ಅದೇ ಕೆಲಸ ಮಾಡ್ತದೆ ಮಾರಾಯ್ರೆ,” ಎಂದರು ಕ್ರಿಸ್ಟೀನ್. “ನಿಮ್ಮ ಅಂಗಡಿಯದ್ದು ಅಂತ ಕಬ್ಬಿಣಕ್ಕೆ ಗೊತ್ತುಂಟಾ?”

ನಾನು ಗೋಡೆ ತೋರಿಸಿದೆ. ಅವರು ಕನ್ನಡಕ ಏರಿಸಿ ಒಂದೊಂದನ್ನೂ ಓದಿದರು. ಸುಳ್ಳೇನೂ ಬರೆದಿಲ್ಲ ಎಂದರು. ಸಾವಿರಾರು ಜನರನ್ನು ವರ್ಷಗಟ್ಟಲೆ ನೋಡಿ ಬರೆದದ್ದು. ಆದರೂ ಕಾಫಿಯಿಂದಲೇ ಅವರು ಚೆನ್ನಾಗಿದ್ದಾರೋ, ಚೆನ್ನಾಗಿರುವವರು ಕಾಫಿ ಕುಡಿಯುತ್ತಾರೋ ಎಂದು ಅಳೆಯುವುದು ಕಷ್ಟವಂತೆ.

“ಆದ್ರೆ ಲಿವರಿಗೆ ಅಂತ ಬರೆದದ್ದನ್ನು ನೀವು ರಕ್ತಕ್ಕೆ ಮಾರಿದ್ದೀರಿ ಲೋಕೇಶಣ್ಣ.”

ಇಷ್ಟು ವರ್ಷದ ವ್ಯಾಪಾರದಲ್ಲಿ ನನ್ನನ್ನು ಇಷ್ಟು ಅಗ್ಗವಾಗಿ ಯಾರೂ ತೂಗಿಲ್ಲ. ಕ್ರಿಸ್ಟೀನ್ ಬಿಡಿಸಿ ಹೇಳಿದರು. ಮಾಂಸ ತಿನ್ನುವವರಿಗೆ ಕಬ್ಬಿಣ ಸುಲಭವಾಗಿ ಮೈಗೆ ಹತ್ತುತ್ತದೆ. ಸೊಪ್ಪು, ಕಾಳು, ಜೋಳದ ಕಬ್ಬಿಣ ನಾಚಿಕೆಯ ಸೊಸೆಯ ಹಾಗೆ ಮೆಲ್ಲಗೆ ಒಳಗೆ ಬರುವಂಥದು. ಅದೇ ಹೊತ್ತಿಗೆ ಚಹಾವೋ ಕಾಫಿಯೋ ಹೊಟ್ಟೆಗೆ ಬಂದರೆ, ಅದರಲ್ಲಿರುವ ಒಗರು ಆ ಕಬ್ಬಿಣದ ಕೈಹಿಡಿದು ಹೊರಗೇ ಕರೆದುಕೊಂಡು ಹೋಗುತ್ತದೆ. ಬಿಡಬೇಕಾಗಿಲ್ಲ. ಊಟಕ್ಕೂ ಅದಕ್ಕೂ ನಡುವೆ ಒಂದು ಗಂಟೆ ಇರಲಿ. ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಲಿ, ಹುಳಿ ಇದ್ದರೆ ಕಬ್ಬಿಣಕ್ಕೆ ಧೈರ್ಯ ಬರುತ್ತದೆ. ಹಾಗೇ, ಹೊಗೆಯಾಡುವಷ್ಟು ಬಿಸಿ ಕುಡಿಯುವುದನ್ನೂ ಬಿಡಲಿ, ವರ್ಷಾನುಗಟ್ಟಲೆ ಸುಡುಸುಡು ಕುಡಿದರೆ ಅನ್ನನಾಳಕ್ಕೆ ಕ್ಯಾನ್ಸರಿನ ಅಪಾಯ ಉಂಟು, ಸ್ವಲ್ಪ ಆರಿದರೆ ಚಹಾಕ್ಕೆ ಅವಮಾನವೇನಿಲ್ಲ. ಇಷ್ಟು ಹೇಳಿ ಅಕ್ಕಿಗೆ ಎರಡು ಪೌಂಡ್ ಕಡಿಮೆ ಕೊಟ್ಟು ಹೋದರು. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮದುವೆಗೆ ಹೋಗದೆ ಉಳಿಸಿದ ಮೂರು ತಿಂಗಳನ್ನು ನಾನು ಒಂದು ಹಿತ್ತಾಳೆ ಫಿಲ್ಟರಿಗೆ ಮಾರಿಕೊಂಡಿದ್ದೆ. ಫೋನಿನಲ್ಲಿ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಸೋಮವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಪಿನ್ನರ್‌ಗೆ ಹೋದೆ.

ನೀಲವ್ವನವರು ರಸ್ತೆಯ ಆಚೆ ಬದಿಗಿದ್ದರು. ನನ್ನನ್ನು ನೋಡಿದರು. ಮಕ್ಕಳೆಲ್ಲ ಶಾಲೆಯೊಳಗೆ ಹೋಗಿ ಆಗಿತ್ತು. ಆದರೂ ಕೋಲು ಹಿಡಿದು ರಸ್ತೆಯ ಮಧ್ಯಕ್ಕೆ ಬಂದು, ಎರಡೂ ಕಡೆಯ ಕಾರುಗಳನ್ನು ನಿಲ್ಲಿಸಿ, ಐವತ್ನಾಲ್ಕು ವರ್ಷದ ನನ್ನನ್ನು ಬಾ ಎಂದು ಕೈಸನ್ನೆ ಮಾಡಿದರು. ಆರು ಕಾರು, ಒಂದು ಬಸ್ಸು ನೋಡುತ್ತಿರುವಾಗ ತಲೆ ತಗ್ಗಿಸಿ ದಾಟಿದೆ. ಫ್ಲಾಸ್ಕಿನ ಪಕ್ಕ ನಿಂತು ಎಲ್ಲ ಹೇಳಿದೆ. ಕಾಫಿಯದೂ ಅದೇ ಗುಣ, ನರ್ಸು ಅರ್ಧ ಹೇಳಿದ್ದಳು, ಉಳಿದರ್ಧವನ್ನು ನಾನು ನನ್ನ ಅನುಕೂಲಕ್ಕೆ ತುಂಬಿಸಿಕೊಂಡೆ ಎಂದು.

ಅವರು ಫಲಕದ ಅಂಚನ್ನು ಬೆರಳಿನಿಂದ ಒರೆಸಿದರು.

“ಮಾಸ್ತರ ಏಳು ತಿಂಗಳು ತಿಂದ. ನೀವು ಮೂರು ತಿಂಗಳು ತಿಂದ್ರಿ,” ಎಂದರು. “ಇರಲಿ ಬಿಡ್ರಿ. ಉಳಿದದ್ದರಾಗ ಮಾಡೂನು.”

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ನನ್ನಲ್ಲಿ ಉತ್ತರಗಳ ದೊಡ್ಡ ದಾಸ್ತಾನಿದೆ.

ಮರುದಿನದಿಂದ ಆ ಮನೆಯಲ್ಲಿ ನಡೆದದ್ದನ್ನು ನಾನು ನೋಡಿದ್ದಕ್ಕಿಂತ ಪ್ರತೀಕ್ಷಾಳಿಂದ ಕೇಳಿದ್ದೇ ಹೆಚ್ಚು. ಒಂದು ಗಂಟೆ ಕಾಯುವುದು ನೀಲವ್ವನವರಿಗೆ ಹಗುರ, ಕಲ್ಲಯ್ಯನವರಿಗೆ ಘೋರ. ಊಟ ಮುಗಿದ ಮೇಲೆ ಆ ಮನುಷ್ಯ ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ, ಡಿಪೋಗೆ ದಾರಿ ತಪ್ಪಿದ ಬಸ್ಸಿನ ಹಾಗೆ ಓಡಾಡಿದರು. ಕೊನೆಗೆ ಅಳಿಯ ವಿನಾಯಕ ಒಂದು ಅಡುಗೆ ಗಡಿಯಾರ ತಂದುಕೊಟ್ಟ. ತಿರುಗಿಸಿಟ್ಟರೆ ಒಂದು ತಾಸಿಗೆ ಸರಿಯಾಗಿ ಗಂಟೆ ಹೊಡೆಯುವಂಥದು. ಆಕಾರ ಮಾತ್ರ ಕೋಳಿಮೊಟ್ಟೆಯದು. ಅವರ ವಂಶದಲ್ಲೇ ಮನೆಯೊಳಗೆ ಬಂದ ಮೊದಲ ಮೊಟ್ಟೆ ಅದು. ಕಲ್ಲಯ್ಯನವರು ಅದಕ್ಕೆ ಒಂದು ಚಿಟಿಕೆ ವಿಭೂತಿ ಹಚ್ಚಿ ಒಲೆಯ ಪಕ್ಕ ಇಟ್ಟರು.

ಕಾಯುವ ಆ ಒಂದು ತಾಸಿನಲ್ಲಿ ಮಾಡುವುದೇನು? ಹೆಂಡತಿಯ ಎದುರು ಕೂತರು. ಕೂತ ಮೇಲೆ ಏನಾದರೂ ಆಡಲೇಬೇಕಾಯಿತು. ಮೊದಲ ವಾರ ಬಸ್ಸಿನ ರೂಟುಗಳ ವಿಷಯ, ಎರಡನೆಯ ವಾರ ಡಿಪೋದ ಜಗಳಗಳು, ಏಪ್ರಿಲ್ ಹೊತ್ತಿಗೆ ಮದುವೆಗೆ ಮುಂಚೆ ತಾವು ಹೆಣ್ಣು ನೋಡಲು ಹೋದಾಗ ನೀಲವ್ವನವರು ಉಟ್ಟಿದ್ದ ಸೀರೆಯ ಬಣ್ಣದವರೆಗೆ ಬಂದಿತ್ತಂತೆ. ಬಣ್ಣ ತಪ್ಪು ಹೇಳಿದರು, ಅದು ಬೇರೆ ಮಾತು. ಅಪ್ಪ ಇಷ್ಟು ಮಾತಾಡಿದ್ದನ್ನು ತಾನು ಹುಟ್ಟಿದಾಗಿನಿಂದ ಕೇಳಿಲ್ಲ ಎಂದಳು ಪ್ರತೀಕ್ಷಾ.

ನನ್ನ ಅಂಗಡಿಯಲ್ಲಿ ಅವರ ಚಹಾ ಒಂದೂವರೆ ಕಿಲೋದಿಂದ ಒಂದಕ್ಕೆ ಇಳಿಯಿತು, ನಿಂಬೆಹಣ್ಣು ಏರಿತು, ಮೆಂತ್ಯಸೊಪ್ಪು, ಹೆಸರುಕಾಳು ಏರಿದವು. ಫಿಲ್ಟರನ್ನು ನಾನೇ ವಾಪಸ್ ತೆಗೆದುಕೊಳ್ಳುತ್ತೇನೆ ಎಂದರೆ ನೀಲವ್ವನವರು ಒಪ್ಪಲಿಲ್ಲ. ಅದರಲ್ಲಿ ಈಗ ಮೊಮ್ಮಗಳ ಬಟ್ಟೆಯ ಗುಂಡಿಗಳಿವೆ.

ಮೇ ಇಪ್ಪತ್ನಾಲ್ಕು, ಶನಿವಾರ. ಜೂನ್ ಒಂದಕ್ಕೆ ಎಂಟು ದಿನ. ನನ್ನ ವ್ಯಾನಿನಲ್ಲಿ ಮುಂದೆ ನೀಲವ್ವನವರು, ಹಿಂದೆ ಈರುಳ್ಳಿ ಚೀಲಗಳ ನಡುವಿನ ಸೀಟಿನಲ್ಲಿ ಕಲ್ಲಯ್ಯನವರು, ಅವರ ತೊಡೆಯ ಮೇಲೆ ಫ್ಲಾಸ್ಕು. ಸೂಜಿ ಕಂಡರೆ ಅವರಿಗೆ ತಲೆ ಸುತ್ತುತ್ತದೆ, ಅದಕ್ಕೇ ಹಾಲ್‌ನ ಬಾಗಿಲಲ್ಲೇ ಉಳಿದರು. ಒಳಗೆ ಅರ್ಧ ಲೀಟರ್ ನೀರು ಕುಡಿಸಿದರು, ಪ್ರಶ್ನೆಗಳನ್ನು ಕೇಳಿದರು, ಬೆರಳು ಚುಚ್ಚಿದರು. ನಾನು ಪರದೆಯ ಈಚೆ ಕುರ್ಚಿಯಲ್ಲಿ ಕೂತು ಸಂದಿನಿಂದ ನರ್ಸಿನ ಕೈಯನ್ನೇ ನೋಡುತ್ತಿದ್ದೆ.

ಹನಿ ನೀಲಿ ದ್ರವದೊಳಗೆ ಬಿತ್ತು. ಒಂದು ಕ್ಷಣ ನಿಂತಿತು. ನಾನು ಯಾವುದಾದರೂ ದೇವರನ್ನು ನೆನೆಯೋಣವೆಂದರೆ ಎಲ್ಲರ ಹತ್ತಿರವೂ ಹಳೆಯ ಬಾಕಿ ಇತ್ತು. ಅಷ್ಟರಲ್ಲಿ ಹನಿ ನೆಟ್ಟಗೆ, ಕೆಲಸವಿದೆ ಎಂಬಂತೆ, ತಳಕ್ಕೆ ಹೋಗಿ ಕೂತಿತು.

ನರ್ಸು ಹೆಬ್ಬೆರಳು ಎತ್ತಿದಳು. ನೀಲವ್ವನವರು ಆ ಹೆಬ್ಬೆರಳನ್ನು ನೋಡದೆ ಪರದೆ ಸರಿಸಿ ಬಾಗಿಲಿನ ಕಡೆ ತಿರುಗಿ, ಶಾಲೆಯ ಎದುರು ಕಾರುಗಳಿಗೆ ಮಾಡುವ ಹಾಗೆ ಗಂಡನಿಗೆ ಅಂಗೈ ತೋರಿಸಿದರು. ಅಲ್ಲೇ ನಿಲ್ಲು, ಎಲ್ಲ ಸರಿಯಾಗಿದೆ ಎಂದು.

ಹತ್ತು ನಿಮಿಷದಲ್ಲಿ ಚೀಲ ತುಂಬಿತು. ಮಂಚದ ಮೇಲೆ ಮಲಗಿ ಅವರು ಅದನ್ನೇ ನೋಡುತ್ತಿದ್ದರು, ಪಕ್ಕದ ಮನೆಗೆ ಕಳಿಸುವ ಡಬ್ಬಿಗೆ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡುವ ಹಾಗೆ. ನನ್ನನ್ನು ಹತ್ತಿರ ಕರೆದರು.

“ಒಂದು ಹೋತ್ರಿ. ಇನ್ನ ಮೂರು,” ಎಂದರು.

ಒಮ್ಮೆ ಕೊಟ್ಟವರಿಗೆ ಬಾಗಿಲು ತೆರೆದಿರುತ್ತದೆ ಎಂದು ಹೇಳಿದೆನಲ್ಲ. ಅವರು ಅದನ್ನು ನನಗಿಂತ ಮೊದಲೇ ಲೆಕ್ಕ ಹಾಕಿದ್ದರು.

ಎದ್ದ ಮೇಲೆ ಮೇಜಿನ ಹತ್ತಿರ ಕೂರಿಸಿ, ಬಿಳಿಕೂದಲಿನ ಒಬ್ಬ ಇಂಗ್ಲಿಷ್ ಅಜ್ಜಿ ಬಿಸ್ಕತ್ತಿನ ತಟ್ಟೆ ಮುಂದಿಟ್ಟು, ಚಹಾ ಬೇಕೇ ಎಂದು ಕೇಳಿದಳು. ನೀಲವ್ವನವರು ಮೂರು ಬಿಸ್ಕತ್ತು ತಿಂದರು, ಒಂದನ್ನು ಜಾಹ್ನವಿಗೆಂದು ಕೋಟಿನ ಜೇಬಿಗೆ ಹಾಕಿದರು. ಚಹಾ ಮಾತ್ರ ಒಲ್ಲೆ ಎಂದರು. ಆ ಅಜ್ಜಿಗೆ ಬೇಜಾರಾಯಿತು. ಈ ದೇಶದಲ್ಲಿ ಅದನ್ನು ಒಲ್ಲೆ ಎಂದವರನ್ನು ಆಕೆ ಕಂಡಿರಲಿಕ್ಕಿಲ್ಲ. ನೀಲವ್ವನವರು ತಮ್ಮ ಇಂಗ್ಲಿಷಿನಲ್ಲಿ ಕಬ್ಬಿಣ, ಬಿಸ್ಕತ್ತು, ಒಂದು ತಾಸು, ಎಲ್ಲವನ್ನೂ ಆಕೆಗೆ ವಿವರಿಸಿದರು. ಬಿಸ್ಕತ್ತಿನಲ್ಲಿ ಅಂಥ ಕಬ್ಬಿಣವೇನೂ ಇಲ್ಲ ಎಂದು ನಾನು ಹೇಳಬಹುದಿತ್ತು. ಈ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವುದನ್ನು ನಾನು ಫೆಬ್ರವರಿಯಲ್ಲೇ ಕಲಿತಿದ್ದೆ.

ಹಾಲ್‌ನ ಹಿಂದಿನ ಕಾರ್ ಪಾರ್ಕಿನಲ್ಲಿ ಬಿಸಿಲಿತ್ತು. ವ್ಯಾನಿನ ಬಾಗಿಲು ತೆರೆದಿಟ್ಟು ಕೂತೆವು. ಕಲ್ಲಯ್ಯನವರು ಜೇಬಿನಿಂದ ಮೊಟ್ಟೆ ತೆಗೆದು, ತಿರುಗಿಸಿ, ಸ್ಟಿಯರಿಂಗಿನ ಮುಂದೆ ಇಟ್ಟರು. ಶನಿವಾರದ ಆ ಒಂದು ತಾಸಿನಲ್ಲಿ ನನ್ನ ಅಂಗಡಿಗೆ ಎಷ್ಟು ಗಿರಾಕಿ ಬಂದು ಬೀಗ ನೋಡಿ ಹೋದರೋ. ಕಲ್ಲಯ್ಯನವರು ಸೀರೆಯ ಬಣ್ಣದ ಮಾತು ಮತ್ತೆ ಎತ್ತಿದರು, ಮತ್ತೆ ತಪ್ಪು ಹೇಳಿದರು, ನೀಲವ್ವನವರು ಬ್ಯಾಂಡೇಜು ಕಟ್ಟಿದ ತೋಳಿನಿಂದಲೇ ಅವರ ಭುಜಕ್ಕೆ ಒಂದು ತಟ್ಟಿದರು. ಮೊಟ್ಟೆ ಗಂಟೆ ಹೊಡೆಯಿತು. ಕಲ್ಲಯ್ಯನವರು ಮೂರು ಲೋಟಕ್ಕೆ ಬಗ್ಗಿಸಿದರು. ಆರಿದ್ದರೂ ಚೆನ್ನಾಗಿತ್ತು.

ಗೋಡೆಯ ಮೇಲಿನ ಕಾಗದಗಳು ಇನ್ನೂ ಇವೆ. ಅವುಗಳ ಕೆಳಗೆ ನನ್ನ ಕೈಬರಹದಲ್ಲಿ ಒಂದು ಚೀಟಿ ಸೇರಿದೆ: ಊಟವಾಗಿ ಒಂದು ಗಂಟೆಯ ನಂತರ, ಸ್ವಲ್ಪ ಆರಿದ ಮೇಲೆ. ನನ್ನ ಹೆಸರಿನಲ್ಲಿ ಮೊದಲ ಸಲ ರಕ್ತ ಕೊಡುವ ತಾರೀಕೂ ಬಿದ್ದಿದೆ. ನೀಲವ್ವನವರೇ ಫೋನು ಹಿಡಿದು ಹಾಕಿಸಿದ್ದು. ಅದರಿಂದ ನನ್ನ ಸಾಲವೇನೂ ತೀರುವುದಿಲ್ಲ. ಅದು ಬೇರೆಯವರ ಡಬ್ಬಿ.

ನೀಲವ್ವನವರಿಗೆ ನಾನು ಮೂರು ತಿಂಗಳು ಕೊಡುವುದಿದೆ.